ಕಾಗಿಣಾ ತೀರದಲ್ಲಿ ಒಂದು ಪತ್ತೇದಾರಿ ಕಾದಂಬರಿ

ಕಳ್ಳನೊಬ್ಬನು ಬಂದು, ಟೋಪಿಗೆ ಸುತ್ತಿದ್ದ ಬೆಲೆಬಾಳುವ ಬೆಳ್ಳಿಯ ಪಟ್ಟಿಯನ್ನು ಅಲ್ಲಿಯೇ ಬಿಟ್ಟು, ಬೆವರು ಹಿಡಿದ ಹಳೆಯ ಟೋಪಿಯನ್ನು ಮಾತ್ರ ಕದ್ದೊಯ್ದರೆ ಅದಕ್ಕೇನು ಅರ್ಥ? ಲಂಡನ್ನಿನ ಷರ್ಲಾಕ್ ಹೋಮ್ಸನಾಗಿದ್ದರೆ ಭೂತಗನ್ನಡಿಯನ್ನು ಕೈಗೆತ್ತಿಕೊಂಡು ನೆಲವನ್ನು ಪರೀಕ್ಷಿಸುತ್ತಿದ್ದನೇನೋ! ಆದರೆ ಅಮೆರಿಕದ ನೈಋತ್ಯ ಮೂಲೆಯ ಒಣನಾಡಿನಲ್ಲಿ ಕೆಲಸಮಾಡುವ ಜೋ ಲೀಪ್‌ಹಾರ್ನ್ ಎಂಬ ಪೋಲೀಸ್ ಅಧಿಕಾರಿಗೆ ಆ ಕನ್ನಡಿಯಿಂದ ಏನೂ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ತನ್ನ ಜನರ ಆಚಾರ ವಿಚಾರಗಳ ತಿಳಿವಳಿಕೆ. ಅದು ಅವನಲ್ಲಿ ಧಾರಾಳವಾಗಿ ಉಂಟು. ಏಕೆಂದರೆ ಅವನು ಸ್ವತಃ ನವಾಹೋ ಜನಾಂಗದವನು.

ಟೋನಿ ಹಿಲರ್ಮನ್ ಎಂಬ ಪತ್ರಕರ್ತರು 1970ರಲ್ಲಿ ಪ್ರಕಟಿಸಿದ 'ದಿ ಬ್ಲೆಸಿಂಗ್ ವೇ' ಎಂಬ ಕಾದಂಬರಿಯಲ್ಲಿ ಈ ಒಗಟು ಬರುತ್ತದೆ. ಬೆಟ್ಟದ ಸೀಮೆಯ ಕುಟುಂಬವೊಂದು ಮಾಟಗಾರನೊಬ್ಬನ ಕಾಟಕ್ಕೆ ಹೆದರಿ 'ಶತ್ರು ವಿಧಿ' ಎಂಬ ಶಾಂತಿಕರ್ಮವನ್ನು ನಡೆಸುತ್ತಿದೆಯೆಂದು ತಿಳಿದ ಕೂಡಲೇ ಲೀಪ್‌ಹಾರ್ನನಿಗೆ ಎಳೆ ಸಿಕ್ಕುತ್ತದೆ. ಆ ವಿಧಿಗೆ ವೈರಿಯ ಮೈಗೆ ತಗುಲಿದ ವಸ್ತುವೊಂದು ಬೇಕು. ಬೆಳ್ಳಿಗೆ ಬೆಲೆಯುಂಟು, ಆದರೆ ಬೆವರಿಲ್ಲ. ಆದುದರಿಂದ ಟೋಪಿ ಹೋಯಿತು, ಬೆಳ್ಳಿ ಉಳಿಯಿತು. ಇಷ್ಟೇ ಅಲ್ಲ: ಶತ್ರು ವಿಧಿಯು ಹೊರಗಿನವರಿಂದ ಬಂದ ಕೇಡಿಗೆ ಮದ್ದೇ ಹೊರತು ಒಳಗಿನವರ ಮಾಟಕ್ಕಲ್ಲ. ಹಾಗಾದರೆ ಆ ಕುಟುಂಬದವರ ಕಣ್ಣಿಗೆ ಬಿದ್ದ 'ಮಾಟಗಾರ' ಯಾರೋ ಪರಕೀಯನೇ ಆಗಿರಬೇಕು. ಯಾವ ವಿಧಿಯನ್ನು ಆರಿಸಿಕೊಂಡರೆಂಬ ಒಂದೇ ಸಂಗತಿಯಿಂದ ಪತ್ತೇದಾರನು ಅಪರಾಧಿಯ ಹತ್ತಿರಕ್ಕೆ ಬರುತ್ತಾನೆ.

ಈ ಕಾದಂಬರಿಯನ್ನು ಚೀಲದಲ್ಲಿಟ್ಟುಕೊಂಡು ಕಲಬುರಗಿಯಿಂದ ರೈಲು ಹತ್ತಿ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳನ್ನು ಹಾದು, ಅಲ್ಲಿಂದ ಬಸ್ಸು ಹಿಡಿದು ಚಿಂಚೋಳಿಯವರೆಗೆ ಹೋಗುವ ಪ್ರವಾಸಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಇಂತಹ ಕಥೆ ಈ ನೆಲದಲ್ಲಿ ಹುಟ್ಟಬಾರದೇಕೆ? ಹುಟ್ಟುವುದಾದರೆ ಅದರ ಪತ್ತೇದಾರ ಯಾರಾಗಬೇಕು?

ಕಲ್ಲಿನ ಪುಟಗಳು

ಶಹಾಬಾದ್ ಎಂದೊಡನೆ ಕರ್ನಾಟಕದಲ್ಲಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣಗಳಲ್ಲಿಯೂ ಜನಕ್ಕೆ ನೆನಪಾಗುವುದು ನೆಲಕ್ಕೆ ಹಾಸುವ ಬೂದುಬಣ್ಣದ ಫರಸಿ. ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಅತಿ ಪ್ರಾಚೀನವಾದ ಸುಣ್ಣಗಲ್ಲಿನ ಪದರಗಳು ಇಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಟ್ಟಸವಾಗಿ ಮಲಗಿವೆ. ಗಣಿಯ ಕೆಲಸಗಾರನು ಪದರದ ಸಂದನ್ನು ಗುರುತಿಸಿ ಉಳಿಯಿಟ್ಟು ಬಡಿದು ಹಾರೆಯಿಂದ ಮೀಟಿದರೆ ಚಪ್ಪಡಿ ಏಳುತ್ತದೆ. ಮನೆಯ ನೆಲ, ಗೋಡೆ, ಎಷ್ಟೋ ಕಡೆ ಮಾಡು ಕೂಡ ಇದೇ ಕಲ್ಲಿನದು.

ನವಾಹೋ ನಾಡಿನ ಕಥೆಗಳಲ್ಲಿ ಮರಳಿನ ಮೇಲಣ ಹೆಜ್ಜೆಗೆ ಬಹಳ ಮಹತ್ವ. ಶಹಾಬಾದಿನ ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಆದರೆ ಗಣಿಯಿಂದ ನಾಲ್ಕು ಮಾರು ಆಚೆಗೆ ಎರೆಹೊಲ ಆರಂಭವಾಗುತ್ತದೆ. ಮಳೆಯಲ್ಲಿ ನೆನೆದ ಎರೆಮಣ್ಣಿನಲ್ಲಿ ಊರಿದ ಹೆಜ್ಜೆಯು ಬಿಸಿಲಿಗೆ ಗಟ್ಟಿಯಾದರೆ, ಮುಂದಿನ ಮಳೆ ಬರುವವರೆಗೆ ಅಥವಾ ನೇಗಿಲು ತಾಕುವವರೆಗೆ ಅಚ್ಚೊತ್ತಿದಂತೆ ನಿಲ್ಲುತ್ತದೆ. ಈ ಸೀಮೆಯ ತೊಗರಿ ಬೆಳೆಯೂ ಸಾಕ್ಷಿಯೇ. ಬೇಸಗೆಯಲ್ಲಿ ಒಂದು ಹರದಾರಿ ದೂರಕ್ಕೂ ಮರೆಯಿಲ್ಲದೆ ಕಾಣುವ ಹೊಲವು ದೀಪಾವಳಿಯ ಹೊತ್ತಿಗೆ ಬಗ್ಗಿ ನಡೆಯುವ ಮನುಷ್ಯನನ್ನು ಪೂರ್ತಿ ಅಡಗಿಸಬಲ್ಲದು. ಘಟನೆ ನಡೆದದ್ದು ಯಾವ ತಿಂಗಳಲ್ಲಿ ಎಂದು ಕೇಳದ ಪತ್ತೇದಾರನು ಇಲ್ಲಿ ಮೊದಲ ದಿನವೇ ದಾರಿ ತಪ್ಪುತ್ತಾನೆ.

ಕನ್ನಡ ಓದುಗರಿಗೆ ಪತ್ತೇದಾರಿ ಕಥೆಗಳು ಹೊಸವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಅಕ್ಷರ ಕಲಿತ ಎಷ್ಟೋ ಸಾವಿರ ಜನರನ್ನು ಪುಸ್ತಕದ ಓದಿಗೆ ಎಳೆದು ತಂದವನು. ಮಲೆನಾಡಿನ ಕಾಡು ಮತ್ತು ರಸ್ತೆಗಳನ್ನೇ ರಹಸ್ಯವಾಗಿ ಮಾಡಿದ 'ಜುಗಾರಿ ಕ್ರಾಸ್' ಕಾದಂಬರಿಯನ್ನು ಪೂರ್ಣಚಂದ್ರ ತೇಜಸ್ವಿಯವರು ಕೊಟ್ಟಿದ್ದಾರೆ. ಎರೆಹೊಲದ, ಫರಸಿಗಲ್ಲಿನ ಈ ಸೀಮೆಯೂ ಅಂತಹ ಒಂದು ಕಥೆಯನ್ನು ಬೇಡುತ್ತದೆಂಬುದು ಶಹಾಬಾದಿನಲ್ಲಿಯೇ ಮನಸ್ಸಿಗೆ ಹೊಳೆಯುತ್ತದೆ.

ಎರಡು ದಾರಿಗಳ ಕೂಡಲು

ಶಹಾಬಾದಿನಿಂದ ರೈಲು ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ವಾಡಿ. ಸಿಮೆಂಟಿನ ಕಾರ್ಖಾನೆಯ ಚಿಮಣಿಗಳು ಊರಿಗಿಂತ ಮೊದಲು ಕಾಣುತ್ತವೆ. ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳಿಯನ್ನು ಸಿಕಂದರಾಬಾದಿನ ಹಳಿ ಇಲ್ಲಿ ಬಂದು ಕೂಡುತ್ತದೆ. ನಿಜಾಮನ ರಾಜಧಾನಿಯನ್ನು ಹೊರಜಗತ್ತಿನೊಡನೆ ಬೆಸೆದ ಆ ಹಳಿ ತೆರೆದದ್ದು 1874ರಲ್ಲಿ. ಅದು ಎಷ್ಟು ಊರುಗಳಿಗೆ ಬಾಳು ಕೊಟ್ಟಿತೋ ಒಂದು ಜನಾಂಗದ ಬಾಳನ್ನು ಅಷ್ಟೇ ಕದಡಿತು.

ಆ ಜನಾಂಗ ಲಂಬಾಣಿಗರದು, ಬಂಜಾರರೆಂದೂ ಹೆಸರು. ನೂರಾರು ವರ್ಷ ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದಖ್ಖನಿನ ಉದ್ದಗಲಕ್ಕೆ ಸಾಗಿಸಿದವರು ಅವರು. ಮೊಗಲರ ದಂಡು, ನಿಜಾಮನ ದಂಡು, ಇಂಗ್ಲಿಷರ ದಂಡು, ಯಾವ ದಂಡಿಗಾದರೂ ಕಾಳು ಒದಗಿಸುತ್ತಿದ್ದುದು ಅವರ ಎತ್ತುಗಳೇ. ಉಗಿಬಂಡಿ ಬಂದ ಮೇಲೆ ಎತ್ತಿನ ಬೆನ್ನಿಗೆ ಕೆಲಸವಿಲ್ಲದಾಯಿತು. ವ್ಯಾಪಾರ ಕಳೆದುಕೊಂಡು ಅಲೆಯುವವರನ್ನು ಸರಕಾರ ಸಂಶಯದಿಂದ ನೋಡತೊಡಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಜನರನ್ನು ಅಪರಾಧಿಗಳೆಂದು ಪಟ್ಟಿಮಾಡುವ ಪದ್ಧತಿಗೆ ಅಡಿಗಲ್ಲನ್ನು ಹಾಕಿತು. ಮುಂದೆ ಹಲವು ಪ್ರಾಂತಗಳಲ್ಲಿ ಲಂಬಾಣಿಗರ ಹೆಸರೂ ಅಂತಹ ಪಟ್ಟಿಗಳಿಗೆ ಸೇರಿತು. ಸ್ವತಂತ್ರ ಭಾರತವು ಆ ಕಾಯಿದೆಯನ್ನು ತೊಡೆದುಹಾಕಿ, ಪಟ್ಟಿಯಲ್ಲಿದ್ದವರನ್ನು 'ವಿಮುಕ್ತ'ರೆಂದು ಸಾರಿದ್ದು 1952ರಲ್ಲಿ.

ವಾಡಿಯಿಂದ ನೈಋತ್ಯಕ್ಕೆ, ಭೀಮೆಯನ್ನು ದಾಟಿ ಹೋದರೆ ಸುರಪುರ. 1841ರಿಂದ 1853ರವರೆಗೆ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರು ಮೆಡೋಸ್ ಟೇಲರ್ ಸಾಹೇಬರು. ಅಲ್ಲಿನ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಅವರು 'ಕನ್ಫೆಷನ್ಸ್ ಆಫ್ ಎ ಥಗ್' ಎಂಬ ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದರು. ದಾರಿಹೋಕರ ಕೊರಳಿಗೆ ಕರವಸ್ತ್ರ ಬಿಗಿದು ಕೊಲ್ಲುತ್ತಿದ್ದ ಅಮೀರ್ ಅಲಿ ಎಂಬ ಠಕ್ಕನು ಸೆರೆಮನೆಯಲ್ಲಿ ಕುಳಿತು ತನ್ನ ಕಥೆಯನ್ನು ಹೇಳುತ್ತಾನೆ, ಸಾಹೇಬನು ಕೇಳುತ್ತಾನೆ. ದಖ್ಖನಿನ ದಾರಿಗಳು, ಸಂತೆಗಳು, ಮಾತುಗಳು ಆ ಪುಸ್ತಕದಲ್ಲಿ ಬಲು ಜೀವಂತವಾಗಿ ಬಂದಿವೆ. ಟೇಲರರು ಈ ನೆಲವನ್ನು ಪ್ರೀತಿಸಿದವರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಥೆಯ ಏರ್ಪಾಡು ಏನು? ಈ ನಾಡಿನವನು ಅಪರಾಧಿ, ಹೊರಗಿನಿಂದ ಬಂದವನು ನ್ಯಾಯಮೂರ್ತಿ. ಥಗ್ಗರ ಬಗ್ಗೆ ಅಂದಿನ ಅಧಿಕಾರಿಗಳು ಕಟ್ಟಿದ ಚಿತ್ರದಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಇತಿಹಾಸಕಾರರು ಈಗಲೂ ಚರ್ಚಿಸುತ್ತಿದ್ದಾರೆ. ಆ ಚಿತ್ರದ ನೆರಳು ಮಾತ್ರ ಮುಂದೆ ಅಲೆಮಾರಿಗಳೆಲ್ಲರ ಮೇಲೂ ಬಿದ್ದಿತು.

ಹಿಲರ್ಮನ್ನರು ಮಾಡಿದ ದೊಡ್ಡ ಕೆಲಸ ಏನೆಂಬುದು ವಾಡಿಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಯೋಚಿಸಿದಾಗ ಸ್ಪಷ್ಟವಾಗುತ್ತದೆ. ಅವರು ಈ ಏರ್ಪಾಡನ್ನೇ ತಲೆಕೆಳಗು ಮಾಡಿದರು. ಸಂಶಯಕ್ಕೆ ಗುರಿಯಾಗುತ್ತಿದ್ದ ಜನಾಂಗದವನೇ ಅವರ ಕಥೆಯಲ್ಲಿ ಸತ್ಯವನ್ನು ಶೋಧಿಸುವವನಾದನು.

ಕಣ್ಣೆದುರಿನ ಸಾಕ್ಷಿ

ವಾಡಿಯಲ್ಲಿ ಗಾಡಿ ಬದಲಾಯಿಸಿ ಸಿಕಂದರಾಬಾದಿನ ಹಳಿಯಲ್ಲಿ ಪೂರ್ವಕ್ಕೆ ಹೊರಟರೆ ಚಿತ್ತಾಪುರ. ಸನಿಹದಲ್ಲಿಯೇ ನಾಗಾವಿ, ಒಂದು ಕಾಲದಲ್ಲಿ ವಿದ್ಯಾರ್ಥಿಗಳಿಂದ ತುಂಬಿದ್ದ ಘಟಿಕಾಸ್ಥಾನ, ಇಂದು ಶಾಸನಗಳು ಮತ್ತು ಗುಡಿಗಳು ಮಾತ್ರ ಉಳಿದಿರುವ ತಾಣ. ಆದರೆ ಪತ್ತೇದಾರಿಯ ದೃಷ್ಟಿಯಿಂದ ನೋಡುವವರಿಗೆ ಈ ಭಾಗದ ಅತಿ ದೊಡ್ಡ 'ಪ್ರಕರಣ' ನಡೆದದ್ದು ಭೀಮಾತೀರದ ಸನ್ನತಿಯಲ್ಲಿ.

ಸನ್ನತಿಯ ಚಂದ್ರಲಾಂಬಾ ದೇವಸ್ಥಾನ ಪ್ರಖ್ಯಾತವಾದುದು. ಅದರ ಆವರಣದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದುಬಿತ್ತು. ಮಣ್ಣು ತೆಗೆದು ನೋಡಿದಾಗ ವಿಗ್ರಹದ ಪೀಠಕ್ಕೆ ಬಳಸಿದ್ದ ಶಿಲೆಯ ಮೇಲೆ ಅಕ್ಷರಗಳು ಕಂಡವು. ಅದು ಅಶೋಕ ಚಕ್ರವರ್ತಿಯ ಶಾಸನ! ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷಗಳೂ, ರಾಣಿಯರ ನಡುವೆ ನಿಂತ ರಾಜನ ಶಿಲ್ಪವೊಂದೂ, ಅದರ ಮೇಲೆ 'ರಾಯೋ ಅಶೋಕೋ' ಎಂಬ ಹೆಸರೂ ದೊರೆತವು.

ಎಷ್ಟು ತಲೆಮಾರುಗಳ ಭಕ್ತರು ಆ ಪೀಠಕ್ಕೆ ಹೂವೇರಿಸಿ ಕೈಮುಗಿದಿರಬೇಕು! ಸಾಕ್ಷಿ ಎಲ್ಲಿಯೂ ಅಡಗಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಇತ್ತು. ಓದಬಲ್ಲವರು ಇರಲಿಲ್ಲ, ಅಷ್ಟೆ. ಲೀಪ್‌ಹಾರ್ನನ ವಿದ್ಯೆಯೂ ಇದೇ. ಎಲ್ಲರೂ ನೋಡುವ ವಸ್ತುವನ್ನೇ ಅವನು ನೋಡುತ್ತಾನೆ, ಆದರೆ ಅದರ ಲಿಪಿ ಅವನಿಗೆ ಬರುತ್ತದೆ. ಲೋಕದಲ್ಲಿ ಒಂದು ಹೊಂದಿಕೆ ಇದೆಯೆಂದು ನವಾಹೋಗಳ ನಂಬಿಕೆ. ಸೌಂದರ್ಯ, ಆರೋಗ್ಯ, ಸಮತೋಲ ಎಲ್ಲವೂ ಸೇರಿದ ಆ ಭಾವಕ್ಕೆ ಅವರು 'ಹೋಝೋ' ಎನ್ನುತ್ತಾರೆ. ಆ ಹೊಂದಿಕೆ ಎಲ್ಲಿ ತಪ್ಪಿದೆಯೆಂದು ಹುಡುಕುವುದೇ ಅವನ ಶೋಧನೆ.

ಮಾತು ನಾಲ್ಕು, ಸಂತೆ ಒಂದು

ಚಿತ್ತಾಪುರವನ್ನು ಬಿಟ್ಟು ಮುಂದೆ ಸಾಗಿದರೆ ಮಳಖೇಡ, ಅನಂತರ ಸೇಡಂ. ಕಾಗಿಣಾ ನದಿಯ ದಡದಲ್ಲಿ ಮುರುಕು ಕೋಟೆಯೊಡನೆ ಕುಳಿತಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಊರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ 'ಕವಿರಾಜಮಾರ್ಗ'ವು ಕನ್ನಡನುಡಿಯ ಪ್ರಾದೇಶಿಕ ಭೇದಗಳನ್ನು ಗಮನವಿಟ್ಟು ನೋಡಿದ ಗ್ರಂಥ. 972ರಲ್ಲಿ ಪರಮಾರ ಸೀಯಕನು ನಗರವನ್ನು ಸೂರೆಮಾಡಿದನು. ಇಂದು ಯಾತ್ರಿಕರು ಬರುವುದು ಜಯತೀರ್ಥರ ಬೃಂದಾವನಕ್ಕೂ ಹಳೆಯ ಬಸದಿಗೂ.

ಸೇಡಮ್ಮಿನ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ನುಡಿಗಳ ಭೇದ ಗ್ರಂಥದಿಂದ ಇಳಿದು ಕಿವಿಗೆ ಬರುತ್ತದೆ. ತೊಗರಿಯ ಧಾರಣೆ ಕನ್ನಡದಲ್ಲಿ, ಲೆಕ್ಕ ದಖನಿ ಉರ್ದುವಿನಲ್ಲಿ, ಗಡಿಯಾಚೆಯ ತಾಂಡೂರಿನ ಕಡೆಯಿಂದ ಬಂದವರ ಚೌಕಾಸಿ ತೆಲುಗಿನಲ್ಲಿ. ಬದಿಯಲ್ಲಿ ಗಂಟು ಇಳಿಸಿ ಕುಳಿತ ಹೆಣ್ಣುಮಕ್ಕಳ ನಡುವೆ ಮಾತ್ರ ನಾಲ್ಕನೆಯದೊಂದು ಮಾತು. ಅದು ಗೋರ್ ಬೋಲಿ, ಲಂಬಾಣಿಗರ ನುಡಿ. ಅದಕ್ಕೆ ಸ್ವಂತ ಲಿಪಿಯಿಲ್ಲ. ಆ ನುಡಿಯಲ್ಲಿ ತಮ್ಮವರು 'ಗೋರ್', ಹೊರಗಿನವರು 'ಕೋರ್'. ನವಾಹೋಗಳೂ ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುವರು, ಬಿಳಿಯರಿಗೆ ಬೇರೆಯೇ ಹೆಸರಿಟ್ಟಿರುವರು. ಇಬ್ಬರು ನವಾಹೋಗಳು ಭೇಟಿಯಾದರೆ ಹೆಸರಿಗಿಂತ ಮೊದಲು ತಾಯಿಯ ಕುಲ ಯಾವುದು, ತಂದೆಯ ಕುಲ ಯಾವುದು ಎಂದು ತಿಳಿಸುವುದು ಪದ್ಧತಿ. ತಾಂಡಾಕ್ಕೆ ಬಂದ ಹೊಸಬನನ್ನು ಕೇಳುವುದೂ ಅದನ್ನೇ: ರಾಠೋಡನೋ, ಪವಾರನೋ, ಚವಾಣನೋ, ಜಾಧವನೋ? ಉತ್ತರ ದೊರೆತರೆ ಯಾರ ಮನೆಯೊಡನೆ ಬೀಗತನವುಂಟು, ಯಾರೊಡನೆ ಕೂಡದು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಪೋಲೀಸ್ ಠಾಣೆಯ ಕಾಗದದಲ್ಲಿ ಅದೇ ಉತ್ತರ ಬರಿಯ ಅಡ್ಡಹೆಸರು.

ಹೋಲಿಕೆಗೂ ಮಿತಿಯುಂಟು. ನವಾಹೋಗಳನ್ನು 1864ರಲ್ಲಿ ಅಮೆರಿಕದ ಸೈನ್ಯವು ಅವರ ನೆಲದಿಂದ ಹೊರಗೆ ನಡೆಸಿಕೊಂಡು ಹೋಯಿತು; 1868ರ ಒಪ್ಪಂದದಂತೆ ಅವರು ಮರಳಿದರು. ಇಂದು ಅವರಿಗೆ ತಮ್ಮದೇ ನೆಲ, ಆಡಳಿತ, ಪೋಲೀಸು ಎಲ್ಲವೂ ಉಂಟು. ಲಂಬಾಣಿಗರಿಗೆ ಅಂತಹ ನಾಡಿಲ್ಲ. ತಾಂಡಾದ ನಾಯಕ, ಕಾರಭಾರಿಗಳಿಗೆ ಇರುವುದು ಹಿರಿತನದ ಅಧಿಕಾರ ಮಾತ್ರ. ಇದೇ ಗಡಿಯ ಈಚೆ, ಕರ್ನಾಟಕದಲ್ಲಿ, ಅವರು ಪರಿಶಿಷ್ಟ ಜಾತಿ. ಆಚೆ, ತೆಲಂಗಾಣದಲ್ಲಿ, ಪರಿಶಿಷ್ಟ ಪಂಗಡ. ಅಣ್ಣ ಈಚೆಯ ತಾಂಡಾದಲ್ಲಿ, ತಂಗಿ ಮದುವೆಯಾಗಿ ಆಚೆಯ ತಾಂಡಾದಲ್ಲಿ ಇದ್ದರೆ ಸರಕಾರದ ಪುಸ್ತಕದಲ್ಲಿ ಅವರ ಮಕ್ಕಳು ಎರಡು ಬೇರೆ ಬೇರೆ ವರ್ಗದವರು.

ಇನ್ನೂ ವಿಚಿತ್ರವಾದ ಸಂಗತಿಯೊಂದುಂಟು. ಕಂದಾಯ ದಾಖಲೆಯಲ್ಲಿ ಎಷ್ಟೋ ತಾಂಡಾಗಳು ಬಹುಕಾಲ ಇರಲೇ ಇಲ್ಲ! ಮನೆಗಳಿದ್ದವು, ಬಾವಿಯಿತ್ತು, ಮಕ್ಕಳಿದ್ದರು. ಗ್ರಾಮವೆಂಬ ಹೆಸರು ಮಾತ್ರ ಇರಲಿಲ್ಲ. 2023ರ ಜನವರಿ 19ರಂದು ಇದೇ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯಿಲ್ಲದಿದ್ದ ಸುಮಾರು 1475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಲಾಗಿತ್ತು. ಅಪರಾಧಿಗಳ ಪಟ್ಟಿಯಲ್ಲಿ ಬಹಳ ಬೇಗ ಸೇರಿದ ಹೆಸರು ಊರುಗಳ ಪಟ್ಟಿಯಲ್ಲಿ ಸೇರಲು ಇಷ್ಟು ಕಾಲ ಹಿಡಿಯಿತು.

ಬೀಗ ಹಾಕಿದ ಮನೆಗಳು

ಸೇಡಮ್ಮಿನಿಂದ ಉತ್ತರಕ್ಕೆ ಬಸ್ಸಿನಲ್ಲಿ ಹೊರಟರೆ ನೆಲ ಏರುತ್ತ ಬಣ್ಣ ಬದಲಾಯಿಸುತ್ತ ಹೋಗುತ್ತದೆ. ಎರೆಯ ಜೊತೆಗೆ ಕೆಂಪುಮಣ್ಣು, ಬಯಲಿನ ಜೊತೆಗೆ ಗುಡ್ಡ. ಮುಲ್ಲಾಮಾರಿ ನದಿಯ ದಡದ ಚಿಂಚೋಳಿಯನ್ನು ದಾಟಿ ಕುಂಚಾವರಂ ಕಡೆಗೆ ಹೋದರೆ ಈ ಒಣಸೀಮೆಯಲ್ಲಿ ಇಂತಹ ಕಾಡುಂಟೇ ಎಂದು ಬೆರಗಾಗುತ್ತದೆ. ಸುಮಾರು 135 ಚದರ ಕಿಲೋಮೀಟರುಗಳ ಈ ಅರಣ್ಯ ಇಂದು ವನ್ಯಜೀವಿಧಾಮ. ತೋಳ, ಕತ್ತೆಕಿರುಬಗಳಿಗೂ ಚಂದ್ರಂಪಳ್ಳಿಯ ಜಲಾಶಯಕ್ಕೆ ಬರುವ ಹಕ್ಕಿಗಳಿಗೂ ಅದು ನೆಲೆ. ಕಾಡಿನ ಅಂಚಿನಲ್ಲಿಯೂ ಒಳಗೂ ಲಂಬಾಣಿ ತಾಂಡಾಗಳು.

ಚಳಿಗಾಲ ಕಳೆಯುವ ಹೊತ್ತಿನಲ್ಲಿ ಇಂತಹ ತಾಂಡಾಕ್ಕೆ ಹೋದವರಿಗೆ ಮೊದಲು ಕಾಣುವುದು ಬೀಗಗಳು. ಸಾಲಾಗಿ ನಾಲ್ಕಾರು ಮನೆಗಳಿಗೆ ಬೀಗ. ಅಂಗಳದಲ್ಲಿ ಕಸ ಕೂಡಿದೆ; ಒಲೆ ತಣ್ಣಗಿದೆ. ಪಟ್ಟಣದಿಂದ ಬಂದ ಪತ್ತೇದಾರನು ಕೂಡಲೇ ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ: ಪರಾರಿಯಾಗಿದ್ದಾರೆ! ಜಗುಲಿಯ ಮೇಲೆ ಕುಳಿತ ಮುದುಕಿಯನ್ನು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ದೊರೆಯುತ್ತದೆ. "ಮುಂಬಯಿಗೆ ದುಡಿಲಾಕ ಹೋಗ್ಯಾರ್ರೀ." ಮಳೆಗಾಲದ ಬೆಳೆ ಕೈಗೆ ಬಂದ ಮೇಲೆ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗಿ, ಬಿತ್ತನೆಯ ಹೊತ್ತಿಗೆ ಮರಳುವುದು ಇಲ್ಲಿನ ಎಷ್ಟೋ ಕುಟುಂಬಗಳ ವರ್ಷದ ಕ್ರಮ. ಬೀಗ ಹಾಕಿದ ಮನೆ ಇಲ್ಲಿ ಸುಳಿವಲ್ಲ, ಋತು. ಬದಲಾಗಿ, ಎಲ್ಲರೂ ಹೊರಟ ಮೇಲೆ ಒಂದು ಮನೆ ತೆರೆದೇ ಉಳಿದರೆ, ಅಥವಾ ದೀಪಾವಳಿಗೂ ಒಬ್ಬರು ಊರಿಗೆ ಬಾರದಿದ್ದರೆ, ಅಲ್ಲಿ ಪ್ರಶ್ನೆ ಏಳಬೇಕು. ಏಕೆಂದರೆ ಆ ಹಬ್ಬದಂದು ಹುಡುಗಿಯರು ದೀಪ ಹಿಡಿದು ಮನೆಮನೆಗೂ ಹೋಗಿ 'ಮೇರಾ' ಹಾಡುತ್ತಾರೆ. ಗತಿಸಿದ ಹಿರಿಯರನ್ನು ನೆನೆದು ಎಡೆ ಅರ್ಪಿಸುವುದೂ ಆ ಹಬ್ಬದಲ್ಲಿಯೇ.

ನವಾಹೋಗಳ ರೀತಿ ಇದಕ್ಕೆ ವಿರುದ್ಧವಾದುದು. ಸತ್ತವರ ಹೆಸರನ್ನು ಅವರು ಸುಲಭವಾಗಿ ಬಾಯಿಗೆ ತರುವುದಿಲ್ಲ. ಸಾವು ನಡೆದ ಮನೆಯನ್ನು ತೊರೆದುಬಿಡುವುದು ಅವರ ಹಳೆಯ ಪದ್ಧತಿ. "ಸತ್ತವನು ಯಾರು?" ಎಂಬ ಸರಳ ಪ್ರಶ್ನೆಗೆ ಅಲ್ಲಿ ಮೌನವೇ ಉತ್ತರವಾದರೆ ಅದು ಕಪಟವಲ್ಲ, ಆಚಾರ. ಇಲ್ಲಿ ಅದೇ ಪ್ರಶ್ನೆಗೆ ಮೌನ ಕಂಡುಬಂದರೆ ಅದರ ಕಾರಣ ಬೇರೆ. ಪ್ರಶ್ನೆ ಕೇಳಿದ ಖಾಕಿ ಬಟ್ಟೆಯ ಹಳೆಯ ನೆನಪು ಅದು.

ಬರೆಯುವವರಾರು?

ಹಿಲರ್ಮನ್ನರು ನವಾಹೋ ಅಲ್ಲ. ಓಕ್ಲಹಾಮದ ಹಳ್ಳಿಯೊಂದರಲ್ಲಿ 1925ರಲ್ಲಿ ಹುಟ್ಟಿ, ಅಲ್ಲಿನ ಮೂಲನಿವಾಸಿಗಳ ಮಕ್ಕಳೊಡನೆ ಶಾಲೆ ಕಲಿತವರು. ಮಹಾಯುದ್ಧದಲ್ಲಿ ಗಾಯಗೊಂಡು 1945ರಲ್ಲಿ ರಜೆಯ ಮೇಲೆ ಬಂದಿದ್ದಾಗ ನವಾಹೋ ಸೀಮೆಗೆ ಲಾರಿಯನ್ನು ಹೊಡೆದುಕೊಂಡು ಹೋದರು. ರಣದಿಂದ ಮರಳಿದ ಯೋಧರಿಗಾಗಿ ನಡೆಯುತ್ತಿದ್ದ ಶತ್ರು ವಿಧಿ ಆಗ ಕಣ್ಣಿಗೆ ಬಿತ್ತು. ಇಪ್ಪತ್ತೈದು ವರ್ಷಗಳ ಅನಂತರ ಅದು ಕಾದಂಬರಿಯಾಯಿತು. ಹಸ್ತಪ್ರತಿಯನ್ನು ಓದಿದ ಅವರ ಏಜೆಂಟರು 'ಇಂಡಿಯನ್ನರ ವಿಷಯವನ್ನೆಲ್ಲ ತೆಗೆದುಹಾಕಿ' ಎಂದು ಸಲಹೆಯಿತ್ತರಂತೆ! ಹಿಲರ್ಮನ್ನರು ತೆಗೆಯಲಿಲ್ಲ. ಲೀಪ್‌ಹಾರ್ನನೂ ಅನಂತರ ಬಂದ ಜಿಮ್ ಚೀ ಎಂಬ ತರುಣ ಅಧಿಕಾರಿಯೂ ಸೇರಿ ಹದಿನೆಂಟು ಕಾದಂಬರಿಗಳು ಬಂದವು. 1973ರ 'ಡಾನ್ಸ್ ಹಾಲ್ ಆಫ್ ದಿ ಡೆಡ್' ಕೃತಿಗೆ ಮರುವರ್ಷ ಎಡ್ಗರ್ ಪ್ರಶಸ್ತಿ ದೊರೆಯಿತು. 1987ರಲ್ಲಿ ನವಾಹೋ ಜನಾಂಗವೇ ಅವರನ್ನು ತನ್ನ ವಿಶೇಷ ಮಿತ್ರರೆಂದು ಗೌರವಿಸಿತು. ಪವಿತ್ರ ವಿಧಿಗಳನ್ನು ಹೊರಗಿನವರು ಕಥೆಯ ಸರಕಾಗಿ ಮಾಡಬಹುದೇ ಎಂದು ಆಕ್ಷೇಪಿಸಿದ ನವಾಹೋಗಳೂ ಇದ್ದರು. ಹಿಲರ್ಮನ್ನರು 2008ರಲ್ಲಿ ತೀರಿಕೊಂಡರು. ಆ ಪ್ರಶ್ನೆ ಇನ್ನೂ ತೀರಿಲ್ಲ.

ಚಿಂಚೋಳಿಯ ತಾಂಡಾದ ಅಂಗಳದಲ್ಲಿ ನಿಂತವರಿಗೂ ಆ ಪ್ರಶ್ನೆ ತಪ್ಪಿದ್ದಲ್ಲ. ಟೇಲರರು ಬರೆದರು, ಅದು ಸಾಹೇಬನ ಕಿವಿ ಕೇಳಿದ ಕಥೆ. ಹಿಲರ್ಮನ್ನರಂತಹ ಸಜ್ಜನರು ಇನ್ನೊಬ್ಬರು ಬಂದು ಬರೆದರೆ ಅದು ಸ್ನೇಹಿತನ ಕಥೆಯಾದೀತು. ಇವೆರಡಕ್ಕೂ ಮೀರಿದ ಮೂರನೆಯ ಕಥೆಯೊಂದುಂಟು. ಮನೆಯಲ್ಲಿ ಗೋರ್ ಬೋಲಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಮತ್ತು ತೆಲುಗು ಆಡುತ್ತ ಬೆಳೆದ ತಾಂಡಾದ ಹುಡುಗನೋ ಹುಡುಗಿಯೋ ಅದನ್ನು ಬರೆಯಬೇಕು. ಅದರ ಪತ್ತೇದಾರನಿಗೆ ಅಜ್ಜಿಯ ತೋಳಿನ ಬಿಳಿಯ ಬಳೆಗಳು ಏನು ಹೇಳುತ್ತವೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬೀಗ ಹಾಕಿದ ಹತ್ತು ಬಾಗಿಲುಗಳ ಮುಂದೆ ಅವನು ಸಂಶಯಪಡದೆ ಹಾದುಹೋಗುತ್ತಾನೆ. ಹನ್ನೊಂದನೆಯದರ ಮುಂದೆ ನಿಲ್ಲುತ್ತಾನೆ.

ಸಂಜೆಯ ಬಸ್ಸು ಸೇಡಮ್ಮಿನ ಕಡೆಗೆ ಹೊರಡುವ ಹೊತ್ತಿಗೆ ತಾಂಡಾದ ಶಾಲೆಯ ಮಕ್ಕಳು ಪಾಟೀಚೀಲಗಳನ್ನು ಹೊತ್ತು ರಸ್ತೆ ದಾಟುತ್ತಾರೆ. ಅಪ್ಪ ಅವ್ವ ದೂರದ ಪಟ್ಟಣದಲ್ಲಿ ದುಡಿಯುತ್ತಿರುವಾಗ ಅಜ್ಜಿಯ ಬಳಿ ಉಳಿದ ಮಕ್ಕಳೂ ಅವರಲ್ಲಿ ಇರುವರು. ಆ ಕಾದಂಬರಿಯನ್ನು ಬರೆಯಬೇಕಾದ ಕೈ ಅವರಲ್ಲಿ ಒಂದಾಗಿದ್ದರೆ ಆಶ್ಚರ್ಯವಿಲ್ಲ.